ಕೊಕ್ಕಿನ ದಿಕ್ಕು

ಮೊನ್ನೆ ಟಿವಿ ರಿಮೋಟಿಗೆ ಬ್ಯಾಟರಿ ಹುಡುಕುತ್ತ ಅಡುಗೆಮನೆಯ ಕೆಳಗಿನ ಡ್ರಾಯರಿಗೆ ಕೈ ಹಾಕಿದೆ. ರಬ್ಬರ್ ಬ್ಯಾಂಡು, ಹಳೆಯ ಕೀಲಿ, ಅರ್ಧ ಪ್ಯಾಕೆಟ್ ಊದುಬತ್ತಿ, ಯಾವ ಯಂತ್ರದ್ದೆಂದು ಯಾರಿಗೂ ನೆನಪಿಲ್ಲದ ಒಂದು ಸ್ಕ್ರೂ. ಇಂಥ ಡ್ರಾಯರ್ ನಿಮ್ಮ ಮನೆಯಲ್ಲೂ ಇದೆ, ಇಲ್ಲವೆನ್ನಬೇಡಿ. ಅದರ ತಳದಲ್ಲಿ ತಣ್ಣಗಿನದೇನೋ ಬೆರಳಿಗೆ ತಾಗಿತು. ತೆಗೆದು ನೋಡಿದರೆ ಹಿತ್ತಾಳೆಯ ದಿಕ್ಸೂಚಿ. ಆರು ವರ್ಷ ಕತ್ತಲಲ್ಲಿ ಬಿದ್ದಿದ್ದರೂ ಅಂಗೈ ಮೇಲಿಟ್ಟೊಡನೆ ಅದರ ಮುಳ್ಳು ಎಚ್ಚೆತ್ತು, ನಡುಗಿ, ತನ್ನ ಜಾಗಕ್ಕೆ ಹೋಗಿ ನಿಂತಿತು. ಅದು ನಮ್ಮದಲ್ಲ. ಪಕ್ಕದ ಮನೆಯ ಮಹಬೂಬ್ ಸಾಹೇಬರದು. ಇಸಕೊಂಡು ಬಂದವಳು ನಾನು, ಕೊಡದೆ ಉಳಿದವಳೂ ನಾನೇ.

ನನ್ನ ಅಜ್ಜಿ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ ಕುಡಿದುಕೊಂಡೇ ಎಂಬತ್ತು ದಾಟಿದವಳು. ನನಗೆ ಬಂದ ಮಾತೆಲ್ಲ ಅವಳ ಮಡಿಲಲ್ಲಿ ಕೂತು ಕಲಿತದ್ದು. ಎರವಲು ತರುವುದಕ್ಕೆ ಅವಳದು ಎರಡು ಕಟ್ಟಳೆ. "ಪಕ್ಕದ ಮನೇಲಿ ಜರಡಿ ಕೇಳಿದ್ರೂ ಏನು ಜರಡಿ ಹಿಡಿಯೋಕೆ ಅಂತ ಹೇಳ್ಬೇಕು ಕಣೇ. ವಾಪಸ್ ಕೊಡುವಾಗ ಖಾಲಿ ಕೈಯಲ್ಲಿ ಕೊಡಬಾರದು." ಎರಡನೆಯದನ್ನು ಅಮೆರಿಕಕ್ಕೆ ಬಂದ ಮೇಲೂ ಪಾಲಿಸಿದ್ದೇನೆ, ನಮ್ಮ ಬೀದಿಯ ಬಿಳಿಯರಿಗೂ ಅವರ ಕೇಕಿನ ತಟ್ಟೆ ಖಾಲಿ ಹೋದದ್ದಿಲ್ಲ, ಚಕ್ಕುಲಿ ಹೊತ್ತುಕೊಂಡೇ ಹೋಗಿದೆ. ಮೊದಲನೆಯದನ್ನು ಒಂದೇ ಒಂದು ಸಲ ಮುರಿದೆ. ಆ ಕತೆ ಇದು.

ಎರಡು ಸಾವಿರದ ಮೂರರ ಏಪ್ರಿಲ್. ಇರಾಕಿನಲ್ಲಿ ಯುದ್ಧ ಶುರುವಾಗಿ ತಿಂಗಳೂ ಆಗಿರಲಿಲ್ಲ. ಮಿಷಿಗನ್ನಿನ ವಿಕ್ಸಮ್‌ನಲ್ಲಿ ನಮ್ಮ ಬಡಾವಣೆಯ, ಇಲ್ಲಿನವರು ಸಬ್‌ಡಿವಿಷನ್ ಎನ್ನುವುದರ, ಕೊನೆಯ ತಿರುವಿನಲ್ಲಿ ಮೂರು ಮನೆ: ನಮ್ಮದು, ಒಂದು ಪಕ್ಕಕ್ಕೆ ಅಂಚಾಯ್ ಅವರದು, ಇನ್ನೊಂದು ಪಕ್ಕಕ್ಕೆ ಮಹಬೂಬ್ ಸಾಹೇಬರದು. ರಸ್ತೆ ಬಳೆಯಂತೆ ಬಾಗಿದ್ದರಿಂದ ಅವರಿಬ್ಬರ ಹಿತ್ತಿಲುಗಳಿಗೆ ನಡುವೆ ಒಂದೇ ಬೇಲಿ. ಆ ಭಾನುವಾರ ಮಧ್ಯಾಹ್ನ ಅಂಚಾಯ್ ಅವರ ಗ್ಯಾರೇಜಿನಲ್ಲಿ ಇದ್ದವರು ನಾವಿಬ್ಬರೇ, ಅವರು ಮತ್ತು ನಾನು. ಮೂರನೆಯದಾಗಿ, ಮೇಜಿನ ಮೇಲೆ ಅರ್ಧ ಹುಟ್ಟಿದ್ದ ಒಂದು ಹಕ್ಕಿ.

ಅಂಚಾಯ್ ಮಲೇಷಿಯಾದ ಸರವಾಕ್ ಕಡೆಯವರು, ಇಬಾನ್ ಎಂಬ ಜನ. ನದಿಯ ದಡದಲ್ಲಿ ಇಡೀ ಊರೇ ಒಂದು ಸೂರಿನಡಿ ಬಾಳುವ ಉದ್ದನೆಯ ಮನೆಯಲ್ಲಿ ಹುಟ್ಟಿದವರು. ಅಲ್ಲಿಗೆ ಪಾಠ ಹೇಳಲು ಬಂದಿದ್ದ ಅಮೆರಿಕದ ಹುಡುಗಿಯನ್ನು ಮದುವೆಯಾಗಿ ಮಿಷಿಗನ್ನಿಗೆ ಬಂದು, ಮೂವತ್ತು ವರ್ಷ ಎರಕದ ಕಾರ್ಖಾನೆಗಳಿಗೆ ಮರದ ಮಾದರಿ ಕೆತ್ತಿದರು. ಕಬ್ಬಿಣ ಆರಿದಾಗ ಎಷ್ಟು ಕುಗ್ಗುತ್ತದೋ ಅಷ್ಟನ್ನು ಮೊದಲೇ ಲೆಕ್ಕ ಹಿಡಿದು ಗೆರೆ ಹಾಕಿದ ಅಡಿಪಟ್ಟಿಯೊಂದು ಸದಾ ಅವರ ಜೇಬಿನಲ್ಲಿ. ಕೂದಲೆಳೆ ತಪ್ಪಿದರೂ ಮರವನ್ನು ಒಲೆಗೆ ಹಾಕುವ ಮನುಷ್ಯ. ನನ್ನ ಮಕ್ಕಳು ಅಂಕಲ್ ಎನ್ನುತ್ತಿದ್ದರು, ಕೇಳಿಕೇಳಿ ನಾನೂ ಅಂಕಲ್ ಎನ್ನತೊಡಗಿದೆ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಇದ್ದ ಒಬ್ಬ ಮಗ ಡೇನಿ ಸೈನ್ಯದಲ್ಲಿ ಟ್ರಕ್ ಡ್ರೈವ್ ಮಾಡುತ್ತಿದ್ದ, ಫೆಬ್ರವರಿಯಲ್ಲೇ ಹೊರಟುಹೋಗಿದ್ದ. ಅವನು ಹೋದ ವಾರ ಅಂಕಲ್ ಈ ಹಕ್ಕಿಗೆ ಕೈ ಹಚ್ಚಿದರು. ಅವರಾಡಿದ್ದೆಲ್ಲ ಇಂಗ್ಲಿಷು. ನನ್ನ ನೆನಪು ಅದನ್ನು ಕನ್ನಡ ಮಾಡಿ ಇಟ್ಟುಕೊಂಡಿದೆ, ಏನು ಮಾಡಲಿ.

ಉದ್ದ ಹಿಡಿಯ ಪುಟ್ಟ ಚಾಕು. ಹಿಡಿಯ ತುದಿಯನ್ನು ಕಂಕುಳಿಗೆ ಒತ್ತಿಕೊಂಡು, ಅಲಗನ್ನು ತಮ್ಮತ್ತ ಎಳೆಯುತ್ತಿದ್ದರು. ಬೆಣ್ಣೆಯ ಬಣ್ಣದ ಮರದಿಂದ ಸಿಪ್ಪೆ ಸುರುಳಿಸುರುಳಿಯಾಗಿ ಏಳುತ್ತಿತ್ತು. ನಮ್ಮ ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿಯ ಜಾತಿ. ಆದರೆ ಕೊಕ್ಕಿನ ಮೇಲಿನ ಕೊಂಬು ಜಿಲೇಬಿಯಂತೆ ಸುತ್ತಿ ಸುತ್ತಿ ಮೇಲೇರಿತ್ತು. ಬೆನ್ನ ಮೇಲೆ ಪುಟ್ಟ ಮನುಷ್ಯರು, ಹಂದಿ, ಬಾಲದ ಬುಡಕ್ಕೆ ಸುತ್ತಿಕೊಂಡ ಸರ್ಪ.

"ಇದು ನಮ್ಮ ನಾಗಪ್ಪ ಅಲ್ವಾ ಅಂಕಲ್?" ಎಂದೆ.

"ನೀರಿನ ಸರ್ಪ. ನಿಮ್ಮದಕ್ಕೆ ನೆಂಟನೇ ಇರಬೇಕು," ಎಂದರು. ತಲೆ ಎತ್ತಲಿಲ್ಲ.

ಅವರ ತಾತನ ಕಾಲದಲ್ಲಿ ಇಂಥ ಹಕ್ಕಿಗೆ ದೊಡ್ಡ ಹಬ್ಬ, ದಿನಗಟ್ಟಲೆ ಹಾಡುವ ಹಾಡುಗಾರರು. ಕೆನ್ಯಲಾಂಗ್ ಎಂದು ಅದರ ಹೆಸರು. ಎತ್ತರದ ಕಂಬದ ಮೇಲೆ ಏರಿಸಿ, ಕೊಕ್ಕನ್ನು ವೈರಿಯ ನಾಡಿನತ್ತ ತಿರುಗಿಸಿ ಕೂರಿಸುತ್ತಾರೆ. ಅದರ ಆತ್ಮ ಮುಂದಾಗಿ ಹಾರಿಹೋಗಿ ವೈರಿಯನ್ನು ಕುಟುಕುತ್ತದೆ. ಅದರ ಹಿಂದೆ ಯುದ್ಧಕ್ಕೆ ಹೋದ ಮನೆಯ ಹುಡುಗ ಉಳಿದು ಬರುತ್ತಾನೆ. ಹಕ್ಕಿಗೆ ಆಗಾಗ ಎಡೆ ಇಡಬೇಕು. ಅಕ್ಕಿಯ ಅರಳು, ಮೊಟ್ಟೆ, ವೀಳ್ಯದೆಲೆ, ಅಡಿಕೆ. ತಟ್ಟೆಗಳ ಸಂಖ್ಯೆ ಬೆಸವೇ ಆಗಬೇಕು.

ಎಲೆ ಅಡಿಕೆ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಎಲ್ಲಿಯ ಬೋರ್ನಿಯೋ, ಎಲ್ಲಿಯ ದಾವಣಗೆರೆ! "ಎಲೆ ಟ್ರಾಯ್‌ನ ಇಂಡಿಯನ್ ಅಂಗಡಿಯಿಂದ ನಾನು ತರ್ತೀನಿ, ಅರಳಿನ ಬದಲು ಮಂಡಕ್ಕಿ ನಡೆಯುತ್ತಾ? ಮೊಟ್ಟೆ ಮಾತ್ರ ನೀವೇ ಇಟ್ಕೊಳ್ಳಿ," ಎಂದೆ. ಅಂಕಲ್ ಬಹಳ ದಿನದ ಮೇಲೆ ನಕ್ಕರು. "ನಾನು ಭಾನುವಾರ ಚರ್ಚಿಗೆ ಹೋಗುವವನು. ಈ ಹಕ್ಕಿ ಎತ್ತುವ ಯೋಗ್ಯತೆ ತಾತನಿಗಿತ್ತು, ನನಗಿಲ್ಲ. ಹಬ್ಬವಿಲ್ಲ, ಹಾಡುವವರಿಲ್ಲ. ಹಸಿದ ಹಕ್ಕಿ ಯಾರ ಮನೆ ಅಂತ ನೋಡದೆ ಕುಟುಕುತ್ತೆ ಅಂತಿದ್ದರು ತಾತ. ಹೊಟ್ಟೆ ತುಂಬಿಸಿದರಾಯಿತು, ಮಂಡಕ್ಕಿಯೋ ಗಿಂಡಕ್ಕಿಯೋ." ಆಮೇಲೆ ಚಾಕು ಕೆಳಗಿಟ್ಟು ಕೇಳಿದರು: "ಬಾಗ್ದಾದ್ ಯಾವ ಕಡೆಗೆ?"

ಮಕ್ಕಳ ಕೋಣೆಯ ಗೋಡೆಗೆ ಅಂಟಿಸಿದ ಭೂಪಟ ಕಣ್ಣ ಮುಂದೆ ಬಂತು. "ಮೂಡಲಿಗೆ, ಒಂಚೂರು ತೆಂಕಲಿಗೆ," ಎಂದು ಗ್ಯಾರೇಜಿನ ಬಾಗಿಲಿನತ್ತ ಕೈ ತೋರಿಸಿದೆ. "ಒಂಚೂರು ಅಂದರೆ ಎಷ್ಟು?" ಎಂದರು ಅಂಕಲ್. ಅಳತೆಯ ಮನುಷ್ಯ.

ಅಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಮಕ್ಕಾ ಕೂಡ ಆ ಕಡೆಗೇ ಅಲ್ಲವೆ? ಅದರ ದಿಕ್ಕು ದಿನಕ್ಕೆ ಐದು ಸಲ ಬಳಸುವವರು ಬೇಲಿಯಾಚೆಗೇ ಇದ್ದಾರೆ. ನೆಟ್ಟಗೆ ಮಹಬೂಬ್ ಸಾಹೇಬರ ಮನೆಗೆ ಹೋದೆ. ಇಳಕಲ್ಲಿನವರು, ಪಕ್ಕದೂರು ನೋವೈಯಲ್ಲಿ ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟಿದ್ದರು. "ಸಾಹೇಬ್ರೇ, ನೀವು ನಮಾಜಿಗೆ ಯಾವ ಕಡೆ ಮುಖ ಮಾಡ್ತೀರಿ?" ಎಂದೆ.

ಅವರ ಮುಖ ಅರಳಿದ್ದನ್ನು ಈಗಲೂ ಮರೆತಿಲ್ಲ. ಆ ದಿನಗಳಲ್ಲಿ ಅವರನ್ನು ನಮಾಜಿನ ಬಗ್ಗೆ ಪ್ರೀತಿಯಿಂದ ಕೇಳಿದವರೇ ಇರಲಿಲ್ಲ. ಒಂದೂವರೆ ವರ್ಷದ ಹಿಂದೆ, ಅವಳಿ ಗೋಪುರಗಳು ಉರುಳಿದ ಆ ಸೆಪ್ಟೆಂಬರ್ ಆದಮೇಲೆ ಯಾರೋ ಅವರ ಅಂಗಡಿಯ ಗಾಜಿಗೆ ಕಲ್ಲು ಬೀರಿದ್ದರು. ಮರುದಿನ ಅವರು ಮನೆ ಮುಂದೆ ಕಟ್ಟಿದ ಅಮೆರಿಕದ ಬಾವುಟ ನಮ್ಮ ಬೀದಿಗೆಲ್ಲ ದೊಡ್ಡದು.

"ಊರಾಗ ಪಶ್ಚಿಮಕ್ಕ ನಿಂದರ್ತಿದ್ವಿ ಅಕ್ಕಾರ. ಇಲ್ಲಿ ಈಶಾನ್ಯಕ್ಕ ನೋಡ್ರಿ!" ಎಂದು ಒಳಗಿನಿಂದ ಕಿತ್ತಳೆಹಣ್ಣು ತಂದರು. ಅದರ ಮೇಲೆ ಡೆಟ್ರಾಯ್ಟಿಗೊಂದು, ಮಕ್ಕಾಕ್ಕೊಂದು ಗುಂಡುಸೂಜಿ ಚುಚ್ಚಿ, ಎರಡರ ನಡುವೆ ಹೊಲಿಗೆದಾರ ಬಿಗಿಹಿಡಿದರು. ದಾರ ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಏರಿ ಇಳಿಯಿತು. "ಭೂಮಿ ಗುಂಡಗ ಐತ್ರಿ. ಗ್ವಾಡಿ ಮ್ಯಾಲಿನ ನಕಾಶಿ ನಂಬಬ್ಯಾಡ್ರಿ." ನನ್ನ ಭೂಗೋಳ ಬಿದ್ದೇ ಹೋಯಿತು. "ಬಾಗ್ದಾದೂ ಹೀಗೇನಾ?" ಎಂದೆ. "ಹತ್ತು ಡಿಗ್ರಿ ಉತ್ತರಕ್ಕ ಸರಿದ್ರ ಆತು, ಅದ ದಾರಿ," ಎಂದು ದಿಕ್ಸೂಚಿಯನ್ನೇ ನನ್ನ ಕೈಗಿಟ್ಟರು. "ಒಯ್ರಿ, ಹುಡುಗರಿಗೆ ತೋರಸ್ರಿ."

ಮಕ್ಕಳಿಗಲ್ಲ, ಇಂಥದ್ದಕ್ಕೆ ಎಂದು ಒಂದು ಮಾತು ಹೇಳಬಹುದಿತ್ತು. ನಾಲಗೆಯ ತುದಿಯಲ್ಲಿ ಅಜ್ಜಿಯ ಜರಡಿಯೂ ಬಂದು ನಿಂತಿತ್ತು. ಒಲೆಯ ಮೇಲೆ ಬೇಳೆಗೆ ಇಟ್ಟು ಬಂದಿದ್ದೇನೆಂಬ ನೆಪದಲ್ಲಿ ನಕ್ಕು ಹೊರಟುಬಿಟ್ಟೆ.

ಮರುವಾರ ಬಣ್ಣ ಒಣಗಿದ ಹಕ್ಕಿ ಅಂಕಲ್ ಹಿತ್ತಿಲಲ್ಲಿ ಏರಿತು. ಕಂಬ ಆರೇ ಅಡಿ. ಸಬ್‌ಡಿವಿಷನ್ನಿನ ನಿಯಮದಲ್ಲಿ ಅದಕ್ಕಿಂತ ಎತ್ತರದ್ದು ಬಾವುಟದ ಕಂಬ ಮಾತ್ರ. ಮಕ್ಕಾದ ದಿಕ್ಕಿನಿಂದ ಹತ್ತು ಡಿಗ್ರಿ ಉತ್ತರಕ್ಕೆ ಸರಿಸಿ ಕೊಕ್ಕು ಕೂರಿಸಿದರು. ನಾನು ಏಳು ಕಾಗದದ ತಟ್ಟೆಗಳಲ್ಲಿ ಮಂಡಕ್ಕಿ ಸುರಿದು, ಎಲೆ ಅಡಿಕೆ ಇಟ್ಟು, ಅಭ್ಯಾಸಬಲದಿಂದ ಕೈಯನ್ನೂ ಮುಗಿದೆ. ಕೊಕ್ಕು ಮುಟ್ಟುವಲ್ಲಿಗೆ ಏನಿದೆ ಎಂದು ಅಂಕಲ್ ನೋಡಲಿಲ್ಲ, ನಾನೂ ನೋಡಲಿಲ್ಲ.

ನೋಡಿದವಳು ಸಾಹೇಬರ ಮಗಳು ನಾಜಿಯಾ, ಮಿಡಲ್ ಸ್ಕೂಲಿನ ಹುಡುಗಿ. ಬೇಲಿಯಾಚೆಯಿಂದ ಅದು ಯಾವ ಹಕ್ಕಿ ಎಂದು ಕೇಳಿದ್ದಾಳೆ. ಕೆತ್ತಿದವನ ಹೆಮ್ಮೆ ನೋಡಿ, ಅಂಕಲ್ ಕೊಂಬಿನಿಂದ ಬಾಲದ ತನಕ ವಿವರಿಸಿ, ಕೊಕ್ಕು ವೈರಿಯ ಕಡೆಗಿರಬೇಕು ಎಂಬುದನ್ನೂ ಹೇಳಿದ್ದಾರೆ. ಅವಳು ತಿರುಗಿ ನೋಡಿದರೆ ತಮ್ಮದೇ ಕಿಟಕಿ.

ಅಂದು ಸಂಜೆ ಸಾಹೇಬರು ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಅಕ್ಕಾರ, ನಾ ಖುಷಿಲೆ ಕಿತ್ತಳೆಹಣ್ಣು ತಂದು ತೋರಿಸಿದೆ. ಎದಕ್ಕಂತ ಯಾಕ ಹೇಳ್ಲಿಲ್ಲ?"

"ನಿಮ್ಮ ಮನೆ ಅಡ್ಡ ಬರುತ್ತೆ ಅಂತ ಹೊಳೀಲೇ ಇಲ್ಲ ಸಾಹೇಬ್ರೇ..."

"ನನ್ನ ನಮಾಜಿನ ದಿಕ್ಕು ಇಸಕೊಂಡು ಹೋಗಿ ನನ್ನ ಕಿಡಕಿಗೇ ಗುರಿ ಇಟ್ರಲ್ರಿ." ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಹಕ್ಕಿ ಅಂಜಿಕಿ ಇಲ್ಲ ನನಗ, ಅದು ಕಟಗಿ. ಮನಷಾರ ಅಂಜಿಕಿ. ಹುಡುಗಿ ಪರದೆ ಎಳಕೊಂಡು ಕುಂತಾಳ."

ದಿಕ್ಸೂಚಿ ಆಗ ನನ್ನ ಸೀರೆಯ ನಡುವಿಗೇ ಸಿಕ್ಕಿಕೊಂಡಿತ್ತು. ತೆಗೆದು ಕೊಡಲು ಕೈ ಬರಲಿಲ್ಲ. ಅವರು ಹೋದ ಮೇಲೆ ಡ್ರಾಯರಿಗೆ ಹಾಕಿದೆ, ಕಣ್ಣಿಗೆ ಬೀಳದಂತೆ ತಳಕ್ಕೆ.

ಅಂಕಲ್‌ಗೆ ಹೇಳಲೇಬೇಕಿತ್ತು. ಆದರೆ ಅಲ್ಲಿ ಇನ್ನೊಂದು ಸಂಕಟ ಬೆಳೆಯುತ್ತಿತ್ತು. ಎರಡು ಮೂರು ದಿನಕ್ಕೊಮ್ಮೆ ಬರುತ್ತಿದ್ದ ಡೇನಿಯ ಇಮೇಲು ನಿಂತಿತ್ತು. ಫೋನೂ ಇಲ್ಲ. ಅಂಕಲ್ ಟಿವಿಯನ್ನು ಆರಿಸುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ನಾನು ಒಯ್ದ ಸಾರು ಅನ್ನ ಮರುದಿನ ಹಾಗೇ ಇರುತ್ತಿತ್ತು. ಇಮೇಲು ನಿಂತ ಹನ್ನೊಂದನೆಯ ದಿನ ಗಟ್ಟಿ ಮನಸ್ಸು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ: ದಿಕ್ಕು ಯಾರಿಂದ ತಂದೆ, ಅವರಿಗೆ ಏನು ಹೇಳಲಿಲ್ಲ, ಅವರೇನೆಂದರು.

ಅಂಕಲ್ ಹಿತ್ತಿಲಿಗೆ ನಡೆದು, ಹಕ್ಕಿಯ ಹಿಂದೆ ನಿಂತು, ಹಲಗೆಯ ಅಂಚು ನೇರವಿದೆಯೇ ಎಂದು ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿದರು. ಕೊಕ್ಕಿನ ತುದಿಯಾಚೆ ಬೇಲಿ, ಬೇಲಿಯಾಚೆ ಎಳೆದ ಪರದೆ.

"ಬಾಗ್ದಾದ್ ತನಕ ಅಳೆದೆ. ಬೇಲಿಯಾಚೆಗೆ ಅಳೆಯಲಿಲ್ಲ."

ಹಕ್ಕಿಯ ಮೈ ಮೇಲೆ ಎರಡೂ ಕೈ ಇಟ್ಟರು. ಈಗ ತಿರುಗಿಸುತ್ತಾರೆ ಎಂದುಕೊಂಡೆ. ಕೈ ಅಲ್ಲೇ ನಿಂತಿತು. "ಅವನು ಇನ್ನೂ ಅಲ್ಲೇ ಇದ್ದಾನೆ. ನಾನು ತಿರುಗಿಸಿದ ದಿನವೇ ಅವನಿಗೆ ಏನಾದರೂ ಆದರೆ?" ನನ್ನತ್ತ ನೋಡಿದರು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೆ? ಇಲ್ಲಿ ಕೂತು ಮೂಢನಂಬಿಕೆ ಎನ್ನುವುದು ಸುಲಭ. ನನ್ನ ಮಕ್ಕಳಿಗೆ ಜ್ವರ ಬಂದಾಗ ಟೈಲೆನಾಲ್ ಕೊಟ್ಟ ಮೇಲೂ ಉಪ್ಪು ಮೆಣಸಿನಕಾಯಿ ನಿವಾಳಿಸಿದವಳು ನಾನು.

ಹಕ್ಕಿ ಅಲ್ಲೇ ಉಳಿಯಿತು. ಪರದೆಯೂ ತೆರೆಯಲಿಲ್ಲ. ಅವರಿಬ್ಬರ ನಡುವಿನ ಮನೆಯಲ್ಲಿ ಕಳ್ಳಿಯಂತೆ ನಾನು.

ಹದಿಮೂರನೆಯ ದಿನ ಶನಿವಾರ. ಹಕ್ಕಿಗೆ ಮಂಡಕ್ಕಿ ಹಿಡಿದುಕೊಂಡು ಅಂಕಲ್ ಡ್ರೈವ್‌ವೇಗೆ ಕಾಲಿಟ್ಟಿದ್ದೆ. ಕಪ್ಪು ಕಾರೊಂದು ತಿರುವಿಗೆ ನಿಧಾನವಾಗಿ ಬಂತು. ನಮ್ಮ ತಿರುವಿಗೆ ದಾರಿ ತಪ್ಪಿದವರು ಬಿಟ್ಟರೆ ಹೊಸ ಕಾರು ಬರುವುದಿಲ್ಲ. ಅದು ಮನೆ ನಂಬರು ನೋಡುತ್ತ ನೋಡುತ್ತ ಬಂದು ಅಂಕಲ್ ಮನೆಯ ಮುಂದೆ ನಿಂತಿತು. ಇಬ್ಬರು ಗಂಡಸರು ಇಳಿದರು. ಕೋಟು, ಟೈ, ಒಬ್ಬನ ಕೈಯಲ್ಲಿ ಫೈಲು. ಮಕ್ಕಳನ್ನು ಸೈನ್ಯಕ್ಕೆ ಕಳಿಸಿದವರ ಬಾಗಿಲಿಗೆ ಸಾವಿನ ಸುದ್ದಿ ಹೊತ್ತು ಇಬ್ಬರೇ ಬರುತ್ತಾರೆಂಬುದು ಆ ವಸಂತದಲ್ಲಿ ಎಲ್ಲರಿಗೂ ಗೊತ್ತಿತ್ತು. ಗ್ಯಾರೇಜಿನಿಂದ ಹೊರಬಂದ ಅಂಕಲ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆ ಇಬ್ಬರು ಹತ್ತಿರ ಬರುವುದನ್ನು ನೋಡಲಾರದೆ ನಾನು ತಟ್ಟೆಯನ್ನೇ ನೋಡುತ್ತಿದ್ದೆ. ತಟ್ಟೆಯಲ್ಲಿ ಮಂಡಕ್ಕಿ ತಾನಾಗಿ ಕುಣಿಯುತ್ತಿತ್ತು.

ಹಿಂದೆ ದಬದಬ ಸದ್ದು. ಬೇಲಿಯ ಬಾಗಿಲು ತಳ್ಳಿಕೊಂಡು ಮಹಬೂಬ್ ಸಾಹೇಬರು ಓಡಿ ಬರುತ್ತಿದ್ದರು. ಬರಿಗಾಲು, ಕೊರಳಲ್ಲಿ ಅಳತೆಯ ಟೇಪು. ಬಂದವರೇ ಅಂಕಲ್ ಪಕ್ಕಕ್ಕೆ ನಿಂತು ಅವರ ರಟ್ಟೆ ಹಿಡಿದರು.

ಫೈಲಿನವನು ಹಲ್ಲು ಬಿಟ್ಟ. ನಿಮ್ಮ ಸೂರಿನಂಚಿನ ಮಳೆನೀರಿನ ದೋಣಿಗಳು ಹಳೆಯವಾಗಿವೆ, ಹೊಸದು ಹಾಕಿಕೊಡುತ್ತೇವೆ, ಇವತ್ತೇ ಸಹಿ ಹಾಕಿದರೆ ರಿಯಾಯಿತಿ ಎಂದ.

ನಾನು ಡ್ರೈವ್‌ವೇ ಮೇಲೆಯೇ ಕೂತುಬಿಟ್ಟೆ. ಅವರನ್ನು ಸಾಹೇಬರು ಏನಂದು ಕಳಿಸಿದರೋ ತಿಳಿಯದು. ಕಾರು ಬಂದದ್ದಕ್ಕಿಂತ ಬೇಗ ಹೋಯಿತು. ಆಮೇಲೆ ಮೂವರೂ ಹಿತ್ತಿಲಲ್ಲಿ, ಹಕ್ಕಿಯ ಕೆಳಗೆ ನಿಂತೆವು. ಮೊದಲು ಬಾಯಿ ಬಿಟ್ಟವರು ಅಂಕಲ್.

"ನಿನ್ನ ಕಿಟಕಿಯನ್ನು ನಾನು ನೋಡಲಿಲ್ಲ, ಮಹಬೂಬ್."

"ಡೇನಿಗೆ ಕಾರು ಕಲಿಸಿದವನು ನಾನು," ಎಂದರು ಸಾಹೇಬರು, ಇಂಗ್ಲಿಷಿನಲ್ಲಿ. "ನನ್ನ ವ್ಯಾನಿನ ಬಂಪರು ಈಗಲೂ ಸೊಟ್ಟ ಇದೆ. ಆ ಕಿಟಕಿಯ ಒಳಗೆ ದಿನಾ ಐದು ಹೊತ್ತು ಅವನ ಹೆಸರು ತಗೋತೀನಿ. ನಿನ್ನ ಹಕ್ಕಿ ನನ್ನ ದುವಾಕ್ಕೆ ಅಡ್ಡ ಕೂತಿದೆ, ಅಷ್ಟೆ. ತಿರುಗಿಸಬೇಡ. ಎತ್ತರ ಮಾಡು."

ಬಾವುಟದ ಕಂಬಕ್ಕೆ ನಿಯಮದ ಅಡ್ಡಿಯಿಲ್ಲ; ಇಪ್ಪತ್ತು ಅಡಿಯವರೆಗೂ ಹೋಗಬಹುದು. ಕೆಳಗೊಂದು ಬಾವುಟ ಕಟ್ಟಿದರೆ ಮೇಲೆ ಯಾವ ಹಕ್ಕಿ ಎಂದು ಯಾರು ಕೇಳುತ್ತಾರೆ? ಬಾವುಟ ಸಾಹೇಬರದೇ. ಮರುದಿನ ಭಾನುವಾರ ಮಧ್ಯಾಹ್ನ ಉದ್ದನೆಯ ಕಂಬವನ್ನು ಮರ ಕೊಯ್ಯುವ ಎರಡು ಕುದುರೆಮೇಜುಗಳ ಮೇಲೆ ಮಲಗಿಸಿ ತುದಿಗೆ ಹಕ್ಕಿಯನ್ನು ಬಿಗಿದರು. ನಾನು ಏಳು ತಟ್ಟೆ ಜೋಡಿಸಿ ಸಾಹೇಬರ ಮುಖ ನೋಡಿದೆ.

"ನನ್ನ ನೋಡಬ್ಯಾಡ್ರಿ ಅಕ್ಕಾರ. ಚುರುಮುರಿ ನೀವು ಹಾಕ್ರಿ, ಕಂಬ ನಾ ಹಿಡಿತೀನಿ."

ಕಂಬಕ್ಕೆ ಕೈ ಕೊಟ್ಟವರು ಕನ್ನಡದಲ್ಲಿ, ನನಗಷ್ಟೇ ಕೇಳುವಂತೆ ಅಂದರು: "ನನ್ನ ಸೂರೇನೋ ದಾಟಿ ಹೊಕ್ಕೈತಿ. ಆ ಕಡೀಗೂ ಯಾರದರೆ ಸೂರು ಇರತೈತಲ್ರಿ."

"ಏನಂದ?" ಎಂದರು ಅಂಕಲ್.

ಏನಿಲ್ಲ ಎನ್ನಬಹುದಿತ್ತು. ಮಗನ ಸುದ್ದಿಯಿಲ್ಲದ ತಂದೆಗೆ ಆ ಮಾತನ್ನು ಹೇಗೆ ಹೇಳುವುದು? ಆದರೆ ಹೇಳದೆ ಬಿಟ್ಟ ಒಂದು ಮಾತಿನಿಂದಲೇ ಇಷ್ಟೆಲ್ಲ ಆಗಿತ್ತು. ಹೇಳಿದೆ, ಒಂದಕ್ಷರ ಬಿಡದೆ.

ಅಂಕಲ್ ಗ್ಯಾರೇಜಿನೊಳಗೆ ಹೋದರು. ಗರಗಸದ ಸದ್ದು ಕೇಳಿತು. ಬೆರಳುದ್ದದ ಮರದ ಬೆಣೆಯೊಂದನ್ನು ತಂದು, ಹಕ್ಕಿಯ ಎದೆಯ ಕೆಳಗಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದರು. ಕೊಕ್ಕು ಮೇಲೆದ್ದಿತು. ಇನ್ನೊಂದು ಏಟು. ಇನ್ನೂ ಮೇಲೆ. ಅಡಿಪಟ್ಟಿ ಜೇಬಿನಲ್ಲೇ ಇತ್ತು. ಆ ಮನುಷ್ಯ ಅಳೆಯದೆ ಕೊಯ್ದ ಮರವನ್ನು ನಾನು ಕಂಡದ್ದು ಅದೊಂದೇ ಸಲ.

"ತಾತ ಇದ್ದಿದ್ದರೆ ಬಯ್ಯುತ್ತಿದ್ದರು," ಎಂದರು. ಸುತ್ತಿಗೆಯನ್ನು ಕೆಳಗಿಟ್ಟರು. "ಎತ್ತಿ."

ಎತ್ತಿದೆವು. ಅಲ್ಲಿ ಇಡೀ ಊರು ಸೇರಿ ಎತ್ತುವುದನ್ನು ಇಲ್ಲಿ ಒಬ್ಬ ಬಡಗಿ, ಒಬ್ಬ ಟೇಲರ್, ಸೆರಗು ಬಿಗಿದ ನಾನು. ಹಕ್ಕಿ ಎಲ್ಲ ಸೂರುಗಳಾಚೆ, ಮೋಡವನ್ನು ನೋಡುತ್ತ ನಿಂತಿತು. ನಾಜಿಯಾ ಪರದೆ ಸರಿಸಿದಳು.

ಮೊನ್ನೆ ಡ್ರಾಯರಿನಿಂದ ತೆಗೆದ ದಿಕ್ಸೂಚಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಸ್ಟೀಲ್ ಡಬ್ಬಿಯ ತುಂಬ ಒಗ್ಗರಣೆ ಮಂಡಕ್ಕಿ ತುಂಬಿ, ಎರಡನ್ನೂ ಹಿಡಿದು ಸಾಹೇಬರ ಮನೆಗೆ ಹೋದೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಅಂಗೈಯಲ್ಲಿಟ್ಟುಕೊಂಡು ಮುಳ್ಳು ನಿಲ್ಲುವ ತನಕ ನೋಡಿದರು. "ನಾ ಕೇಳ್ಲಿಲ್ಲ, ನೀವು ತರ್ಲಿಲ್ಲ. ಎದಕ್ಕ ಒಯ್ದಿದ್ದಿರಿ ಅಂತ ಈಗರೆ ಹೇಳ್ತೀರೇನು?" ಎಂದು ಕಣ್ಣು ಮಿಟುಕಿಸಿದರು. ಹೇಳಿದೆ, ಮೊದಲಿನಿಂದ. ಅವರು ಮೊದಲ ಸಲ ಕೇಳುವವರಂತೆ ಮಂಡಕ್ಕಿ ಮುಕ್ಕುತ್ತ ಕೇಳಿದರು.

ಡೇನಿ ಆ ವರ್ಷ ಅಕ್ಟೋಬರಿನಲ್ಲಿ ಬಂದ. ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬ್ಯಾಗನ್ನು ಹುಲ್ಲಿನ ಮೇಲಿಟ್ಟು ಕಂಬದ ತುದಿಯನ್ನು ನೋಡಿದ.

"ಡ್ಯಾಡ್, ಅದು ಯಾಕೆ ಆಕಾಶ ನೋಡ್ತಿದೆ?"

"ಅಳತೆ ತಪ್ಪಿತು," ಎಂದರು ಅಂಕಲ್ ಅವನ ಬಲಗಿವಿಯ ಹತ್ತಿರ. ಆಮೇಲೆ ಹಕ್ಕಿಯನ್ನು ಇಳಿಸಲು ಏಣಿ ತರಹೋದರು.